ಗೋಡೆಯ ಮೇಲಿನ ಚೀಟಿಗಳೂ ದಾಖಲೆಗಳೇ

ಡಬ್ಲಿನ್ನಿನಲ್ಲಿ ನೆಲೆಸಿರುವ ನಮ್ಮಂಥ ಕನ್ನಡಿಗರಿಗೆ 2018ರ ಮೇ 25 ಬರಿಯ ಮತದಾನದ ದಿನವಾಗಿರಲಿಲ್ಲ. 1983ರಲ್ಲಿ ಐರ್ಲೆಂಡಿನ ಸಂವಿಧಾನಕ್ಕೆ ಸೇರಿ, ಗರ್ಭಪಾತಕ್ಕೆ ಬಹುಮಟ್ಟಿಗೆ ತಡೆಯೊಡ್ಡಿದ್ದ ಎಂಟನೆಯ ತಿದ್ದುಪಡಿಯನ್ನು ತೆಗೆದುಹಾಕಲು ಅಂದು ಶೇ. 66.4ರಷ್ಟು ಮತಗಳು ಬಿದ್ದವು. 2012ರಲ್ಲಿ ಗಾಲ್ವೇಯ ಆಸ್ಪತ್ರೆಯಲ್ಲಿ ಗರ್ಭಪಾತ ಕೇಳಿಯೂ ಸಿಗದೆ ತೀರಿಕೊಂಡ ನಮ್ಮ ಬೆಳಗಾವಿಯ ಸವಿತಾ ಹಾಲಪ್ಪನವರ ನೆನಪು ಆ ಹೋರಾಟದ ಉದ್ದಕ್ಕೂ ಇತ್ತು. ಇಲ್ಲಿನ ಗೋಡೆಯೊಂದರ ಮೇಲೆ ಬಿಡಿಸಿದ್ದ ಅವರ ಚಿತ್ರದ ಸುತ್ತ ಜನರು ಕೈಬರಹದ ಚೀಟಿಗಳನ್ನು ಅಂಟಿಸಿದರು. ಮಳೆಗೆ ಕರಗಿಹೋಗಬಹುದಾಗಿದ್ದ ಆ ಚೀಟಿಗಳನ್ನು ಡಬ್ಲಿನ್ ನಗರದ ಗ್ರಂಥಾಲಯ ಜೋಪಾನವಾಗಿ ತೆಗೆದಿಟ್ಟು ಡಿಜಿಟಲ್ ರೂಪಕ್ಕೆ ತಂದಿತು. ಆ ಕೆಲಸವನ್ನು ನಾನು ಕೃತಜ್ಞತೆಯಿಂದ ನೆನೆಯುತ್ತೇನೆ.

ಈ ಮತದಾನಕ್ಕೆ ದಾರಿ ಮಾಡಿದ್ದು 2016ರಲ್ಲಿ ಸೇರಿದ ನಾಗರಿಕ ಸಭೆ. ಜನಸಾಮಾನ್ಯರ ನಡುವಿನಿಂದ ಆಯ್ದ 99 ಮಂದಿ ಒಬ್ಬ ನ್ಯಾಯಮೂರ್ತಿಯ ಅಧ್ಯಕ್ಷತೆಯಲ್ಲಿ ಕುಳಿತು ಚರ್ಚಿಸಿದರು. ಸಾರ್ವಜನಿಕರಿಂದ 12,000ಕ್ಕೂ ಹೆಚ್ಚು ಅಹವಾಲುಗಳು ಬಂದವು. ಆದರೆ ಇಂಥ ಅಹವಾಲುಗಳನ್ನು ಪ್ರಕಟಿಸುವ ಜಾಲತಾಣಗಳೆಲ್ಲ ಉಳಿಯುತ್ತವೆಂದಿಲ್ಲ; ಇಲ್ಲಿನ ರಾಷ್ಟ್ರೀಯ ಗ್ರಂಥಾಲಯ ಕೆಲವನ್ನು ಆಯ್ದು ಉಳಿಸುತ್ತದೆ. ಐಸ್‌ಲ್ಯಾಂಡಿನಲ್ಲಾದರೋ ದೇಶದ ಜಾಲತಾಣಗಳನ್ನೆಲ್ಲ ಸಂಗ್ರಹಿಸುವ ಹೊಣೆಯನ್ನು ಕಾನೂನೇ ಗ್ರಂಥಾಲಯಕ್ಕೆ ವಹಿಸಿದೆ. ಅಲ್ಲಿ 25 ಜನರ ಮಂಡಳಿಯೊಂದು 2011ರಲ್ಲಿ ಕರಡನ್ನು ಅಂತರ್ಜಾಲದಲ್ಲಿ ಜನರ ಮುಂದಿಡುತ್ತಲೇ ಹೊಸ ಸಂವಿಧಾನವನ್ನು ಬರೆಯಿತು, 2012ರಲ್ಲಿ ಮತದಾರರು ಅದನ್ನು ಬೆಂಬಲಿಸಿದರು, ಆದರೂ ಸಂಸತ್ತು ಅದನ್ನು ಅಂಗೀಕರಿಸಲಿಲ್ಲ. ಜಾರಿಗೆ ಬಾರದ ಸಂವಿಧಾನಕ್ಕೆ ದಾಖಲೆಯಲ್ಲದೆ ಬೇರೆ ನೆಲೆಯೆಲ್ಲಿದೆ?

ನಮ್ಮ ಭಾರತದ ರೀತಿ ಬೇರೆ. ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾವ್ ಸಂವಿಧಾನ ಸಭೆಯ ಸಲಹೆಗಾರರಾಗಿದ್ದಾಗ ಐರ್ಲೆಂಡಿಗೂ ಬಂದಿದ್ದರು. ನಮ್ಮ ರಾಜ್ಯನೀತಿಯ ನಿರ್ದೇಶಕ ತತ್ವಗಳಿಗೆ ಇಲ್ಲಿನ ಸಂವಿಧಾನವೇ ಮಾದರಿ. ಆ ರಚನೆಯ ಕಾಗದಪತ್ರಗಳನ್ನು, 1948ರ ಕರಡಿಗೆ ಬಂದ ಟೀಕೆ ಸಲಹೆಗಳನ್ನೂ ಸೇರಿಸಿ, 1960ರ ದಶಕದಲ್ಲಿ ಸಂಪುಟಗಳಾಗಿ ಹೊರತಂದವರು ಅವರ ತಮ್ಮ ಶಿವರಾವ್. ಕಾಗದವಾದ್ದರಿಂದ ಅಷ್ಟು ವರ್ಷ ಕಾದಿತ್ತು. ಅದೇ ನಿರ್ದೇಶಕ ತತ್ವಗಳಲ್ಲೊಂದಾದ ಏಕರೂಪ ನಾಗರಿಕ ಸಂಹಿತೆಯ ಬಗ್ಗೆ 2023ರಲ್ಲಿ ಕಾನೂನು ಆಯೋಗ ಅಭಿಪ್ರಾಯ ಕೇಳಿದಾಗ ಜನರು ಲಕ್ಷಗಟ್ಟಲೆ ಉತ್ತರಗಳನ್ನು ಕಳಿಸಿದರು. ಇ-ಮೇಲ್ ಪೆಟ್ಟಿಗೆ ಇನ್ನೊಬ್ಬ ಶಿವರಾವ್ ಬರುವವರೆಗೆ ಕಾಯದು.

ಗ್ರಂಥಾಲಯಗಳಿಗೆ ಪುಸ್ತಕದ ಪ್ರತಿ ಕಳಿಸಬೇಕೆನ್ನುವ ನಮ್ಮ 1954ರ ಕಾನೂನು ಅಚ್ಚಿನ ಕಾಲದ್ದು. ಸಂವಿಧಾನ, ಕಾನೂನುಗಳ ಬಗ್ಗೆ ಸರ್ಕಾರ ಕೇಳಿ ಪಡೆದ ಪ್ರತಿ ಅಭಿಪ್ರಾಯವನ್ನೂ, ಬರೆದವರ ಖಾಸಗಿ ವಿವರಗಳನ್ನು ಮರೆಮಾಡಿ, ಬರೆದ ಭಾಷೆಯಲ್ಲೇ ಉಳಿಸುವ ಹೊಣೆಯನ್ನು ಆ ಕಾನೂನಿಗೆ ಸೇರಿಸಬೇಕೆಂದು ನಾನು ಕೇಳುತ್ತೇನೆ. ಕನ್ನಡದಲ್ಲಿ ಬರೆದ ಉತ್ತರದ ಇಂಗ್ಲಿಷ್ ಸಾರಾಂಶವಷ್ಟೇ ಉಳಿದರೆ ಬರೆದವರು ಉಳಿದಂತಾಗುವುದಿಲ್ಲ.