ಟವರಿಗೆ ಹೆದರುವ ಅಪ್ಪ, ಸ್ಕ್ಯಾನಿಗೆ ಹಟ ಹಿಡಿಯುವ ಅಪ್ಪ

ನಿನ್ನೆ ಸಂಜೆ ಮೈಸೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕಂಡದ್ದನ್ನು ಬರೆಯದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಸೈಕಲ್‌ನಿಂದ ಬಿದ್ದು ಹಣೆ ಊದಿಸಿಕೊಂಡ ಹುಡುಗನೊಬ್ಬ ಆರಾಮವಾಗಿ ಬಿಸ್ಕತ್ತು ತಿನ್ನುತ್ತಿದ್ದ. ವಾಂತಿಯಿಲ್ಲ, ಮಂಪರಿಲ್ಲ, ಪ್ರಜ್ಞೆಯೂ ತಪ್ಪಿರಲಿಲ್ಲ. "ರಾತ್ರಿ ಗಮನವಿಟ್ಟು ನೋಡಿಕೊಳ್ಳಿ, ಸದ್ಯಕ್ಕೆ ಸ್ಕ್ಯಾನ್ ಬೇಡ" ಎಂದರು ಡಾಕ್ಟರಮ್ಮ. ಅಪ್ಪನಿಗೆ ಅವಮಾನವಾಯಿತು. "ದುಡ್ಡು ಕೊಡುವವನು ನಾನು ಮೇಡಂ, ಸಿಟಿ ಮಾಡಿಸಿ!" ಎಂದು ಕೂಗಾಡಿ ಮಾಡಿಸಿಯೇ ಬಿಟ್ಟರು.

ಇದೇ ಮಹನೀಯರು ಕಳೆದ ತಿಂಗಳು ನಮ್ಮ ಬಡಾವಣೆಗೆ ಮೊಬೈಲ್ ಟವರ್ ಬೇಡವೆಂದು ಮನೆಮನೆ ತಿರುಗಿ ಸಹಿ ಹಾಕಿಸಿಕೊಂಡಿದ್ದರು. "ವಿಕಿರಣ ಸಾರ್! ಮಕ್ಕಳ ಗತಿ ಏನು?"

ಸ್ವಾಮಿ, ಟವರಿನ ರೇಡಿಯೊ ಅಲೆಗಳಿಗೆ ಪರಮಾಣುವಿನಿಂದ ಎಲೆಕ್ಟ್ರಾನನ್ನು ಕಿತ್ತೆಸೆಯುವ ಕಸುವಿಲ್ಲ. ಎಕ್ಸ್-ರೇಗೆ ಇದೆ. ಜೀವಕೋಶದ ಡಿಎನ್‌ಎಗೆ ಪೆಟ್ಟು ಬೀಳುವುದು ಅಲ್ಲಿಂದ. ಸಿಟಿ ಸ್ಕ್ಯಾನ್ ನಡೆಯುವುದು ಈ ಎಕ್ಸ್-ರೇಯಿಂದಲೇ. ತಲೆಯ ಒಂದು ಸ್ಕ್ಯಾನ್ ಎಂದರೆ ಸುಮಾರು 2 ಮಿಲಿಸೀವರ್ಟ್ (ಮೈಗೆ ತಗಲುವ ವಿಕಿರಣದ ಅಳತೆ). ಮಣ್ಣು, ಗಾಳಿ, ಆಕಾಶದಿಂದ ಮನುಷ್ಯನಿಗೆ ವರ್ಷವಿಡೀ ಸಿಗುವ ಸಹಜ ವಿಕಿರಣದ ಜಾಗತಿಕ ಸರಾಸರಿ 2.4. ಹೊಟ್ಟೆಯ ಸ್ಕ್ಯಾನ್‌ಗೆ ಇನ್ನೂ ಹಲವು ಪಟ್ಟು. ಒಂದು ಸ್ಕ್ಯಾನ್‌ನಿಂದ ಯಾರೂ ಸಾಯುವುದಿಲ್ಲ, ಅಪಾಯ ತೀರಾ ಚಿಕ್ಕದು. ಆದರೆ ಅದು ಮಕ್ಕಳಿಗೆ ಹೆಚ್ಚು: ಅವರ ಜೀವಕೋಶಗಳು ಬಿರುಸಾಗಿ ವಿಭಜನೆಯಾಗುತ್ತವೆ, ಕ್ಯಾನ್ಸರ್ ತಲೆದೋರಲು ಮುಂದೆ ದಶಕಗಳಷ್ಟು ಆಯುಷ್ಯವಿದೆ. ಹಿರೋಶಿಮಾ, ನಾಗಸಾಕಿಯಲ್ಲಿ ಬದುಕುಳಿದವರನ್ನು 1950ರಿಂದ ಗಮನಿಸುತ್ತ ಬಂದಾಗ ಕಂಡದ್ದೂ ಇದೇ. ಎಳೆಯ ವಯಸ್ಸಿನಲ್ಲಿ ವಿಕಿರಣಕ್ಕೆ ಸಿಕ್ಕವರಲ್ಲಿ ಗೆಡ್ಡೆ ಕ್ಯಾನ್ಸರುಗಳ ಅಪಾಯ ಹೆಚ್ಚು.

ಕೇರಳದ ಕರುನಾಗಪಳ್ಳಿಯ ಕಡಲತೀರದಲ್ಲಿ ತಾನಾಗಿಯೇ ವಿಕಿರಣ ಸೂಸುವ ಥೋರಿಯಂ ಮರಳಿನ ಮೇಲೆಯೇ ಜನ ಬದುಕುತ್ತಿದ್ದಾರೆ, ಅಲ್ಲಿ ಕ್ಯಾನ್ಸರ್ ಹೆಚ್ಚಿಲ್ಲವಲ್ಲ ಎಂದು ಕೆಣಕುವ ಗೆಳೆಯರಿದ್ದಾರೆ. ನಿಜ, ಅಲ್ಲಿನ ಅಧ್ಯಯನದಲ್ಲಿ ಹೆಚ್ಚಳ ಕಂಡಿಲ್ಲ. ಆದರೆ ಆ ಮರಳು ಹನಿಹನಿಯಾಗಿ ವರ್ಷಗಟ್ಟಲೆ ಕೊಡುವುದನ್ನು ಯಂತ್ರ ಕ್ಷಣಾರ್ಧದಲ್ಲಿ ಸುರಿಯುತ್ತದೆ. ಅಲ್ಲಿಯವರಿಗೆ ಅದು ಹುಟ್ಟಿದೂರಿನ ನೆಲ. ನಮ್ಮವರು ಕೌಂಟರಿನಲ್ಲಿ ದುಡ್ಡು ಕಟ್ಟಿ, ಜಗಳವಾಡಿ ಪಡೆಯುತ್ತಾರೆ. ತಲೆಯೊಳಗೆ ರಕ್ತಸ್ರಾವದ ಅನುಮಾನವಿದ್ದರೆ ಸ್ಕ್ಯಾನ್ ಜೀವ ಉಳಿಸುತ್ತದೆ, ಅದಕ್ಕೆ ಬೇಡವೆಂದವರು ಯಾರು? ಬೇಡವೆಂದು ಡಾಕ್ಟರೇ ಹೇಳಿದ ಮೇಲೂ ಬೇಕೆನ್ನುವುದು ನನ್ನ ತಕರಾರು.

ನನಗೂ ಆಸ್ಪತ್ರೆಯ ವಾಸನೆಗೇ ಕೈಕಾಲು ತಣ್ಣಗಾಗುತ್ತದೆ. ಸ್ಕ್ಯಾನ್ ವರದಿಯಲ್ಲಿ "ಏನೂ ಇಲ್ಲ" ಎಂದಿದ್ದರೆ ಸಿಗುವ ಸಮಾಧಾನ ಗೊತ್ತು. ಆ ಸಮಾಧಾನ ಅಪ್ಪನಿಗೆ, ಕಿರಣ ಮಗನಿಗೆ.

ಟವರ್ ವಿರೋಧಿ ಸಭೆ ಭಾನುವಾರವಂತೆ, ನನಗೂ ಕರೆ ಬಂದಿದೆ. ಖಂಡಿತ ಹೋಗುತ್ತೇನೆ. ಬರುವವರು ಬೀರುವಿನಲ್ಲಿರುವ ಸಿಟಿ ಫಿಲ್ಮ್‌ಗಳನ್ನೆಲ್ಲ ತನ್ನಿ, ಎಣಿಸೋಣ.