ನೋಡಿ ಎಂದು ಹೇಳುವ ಮುನ್ನ

‘ಯಾವುದಾದರೂ ಒಳ್ಳೆಯ ಸಿನಿಮಾ ಇದ್ದರೆ ಹೇಳಿ’ ಎಂದು ಕೇಳುವವರಲ್ಲಿ ಬಹುಮಂದಿಗೆ ಬೇಕಿರುವುದು ಒಳ್ಳೆಯ ಸಿನಿಮಾ ಅಲ್ಲ, ಆ ಸಂಜೆಯ ತಮ್ಮ ಮನಃಸ್ಥಿತಿಗೆ ಒಗ್ಗುವ ಸಿನಿಮಾ. ಇದನ್ನು ಗ್ರಹಿಸದ ಸಿನಿಮಾಪ್ರೇಮಿ ತನ್ನ ಮೆಚ್ಚಿನ ಹೆಸರುಗಳನ್ನೆಲ್ಲ ಒಂದೇ ಉಸಿರಿನಲ್ಲಿ ಒಪ್ಪಿಸುತ್ತಾನೆ. ಕೇಳಿದವರು ವಿನಯದಿಂದ ತಲೆಯಾಡಿಸಿ, ಲೋಕವೆಲ್ಲ ನೋಡುತ್ತಿರುವುದನ್ನೇ ತಾವೂ ನೋಡಿ ಮಲಗುತ್ತಾರೆ. ಒಂದು ಚಿತ್ರವನ್ನು ನೋಡಿರೆಂದು ಹೇಳುವುದು ಪರರ ಸಾಲಕ್ಕೆ ಜಾಮೀನು ನಿಂತ ಹಾಗೆ. ಚಿತ್ರ ತೆಗೆದವರನ್ನು ನಾವು ಕಂಡಿಲ್ಲ, ಕಳೆಯುವ ಹೊತ್ತು ನಮ್ಮದಲ್ಲ, ಆದರೂ ಕೊನೆಯಲ್ಲಿ ಬಂದು ಹಿಡಿಯುವುದು ನಮ್ಮನ್ನೇ.

ಫಿಲಿಪ್ಪೀನ್ಸ್‌ನ ಸ್ವತಂತ್ರ ಚಿತ್ರಗಳಿಗಾಗಿ ಹೀಗೆ ನಿಲ್ಲುವುದಕ್ಕೆ ಸ್ವಲ್ಪ ಹೆಚ್ಚಿನ ಧೈರ್ಯ ಬೇಕು. ಇರಾನ್, ಜಪಾನ್, ಕೊರಿಯಾ ಎಂದರೆ ಎದುರಿಗಿರುವವರ ಮುಖದಲ್ಲಿ ಪರಿಚಯದ ಒಂದು ಗೆರೆಯಾದರೂ ಮೂಡುತ್ತದೆ. ಫಿಲಿಪ್ಪೀನ್ಸ್ ಎಂದೊಡನೆ, ಅಲ್ಲಿಯೂ ಸಿನಿಮಾ ತೆಗೆಯುತ್ತಾರೆಯೇ ಎಂಬ ಪ್ರಶ್ನೆಯನ್ನು ಅವರು ನುಂಗಿಕೊಳ್ಳುವುದು ಕಾಣುತ್ತದೆ. ಆಗ ನನ್ನಂಥವರಿಗೆ ಹುಟ್ಟುವ ಮೊದಲ ದುರ್ಬುದ್ಧಿಯೆಂದರೆ ಲಾವ್ ಡಿಯಾಝ್ ಅವರ ಹೆಸರನ್ನು ಹೇಳಿ ಬೆರಗುಗೊಳಿಸುವುದು. 2016ರ ಬರ್ಲಿನ್ ಚಿತ್ರೋತ್ಸವದಲ್ಲಿ ಬೆಳ್ಳಿ ಕರಡಿ ಪ್ರಶಸ್ತಿ ಪಡೆದ ಅವರ ‘ಹೆಲೆ ಸಾ ಹಿವಾಗಾಂಗ್ ಹಾಪಿಸ್’ 485 ನಿಮಿಷಗಳ ಚಿತ್ರ. ಎಂಟು ಗಂಟೆಗಿಂತಲೂ ತುಸು ಹೆಚ್ಚು. ಈ ಅಂಕಿಯನ್ನು ಹೇಳುವಾಗ ಹೇಳುವವನಿಗೆ ಸಿಗುವ ಸುಖ ಚಿತ್ರ ನೋಡುವಾಗಿನ ಸುಖಕ್ಕೆ ಹೆಚ್ಚು ಕಡಿಮೆ ಸಮನಾಗಿರುತ್ತದೆ ಎಂಬುದೇ ಅನುಮಾನಕ್ಕೆ ಕಾರಣವಾಗಬೇಕು. ಎಂಟು ಗಂಟೆ ಕೂತದ್ದನ್ನು ಹೇಳಿಕೊಳ್ಳುವುದು ಬೇರೆ, ಇನ್ನೊಬ್ಬರನ್ನು ಎಂಟು ಗಂಟೆ ಕೂರಿಸುವುದು ಬೇರೆ.

ಹಾಗೆಂದು ಡಿಯಾಝ್ ಅವರನ್ನು ಉದ್ದಳತೆಯ ವಿಚಿತ್ರವೆಂದು ಬದಿಗಿಡುವುದು ಅನ್ಯಾಯ. ಅದೇ ವರ್ಷ ವೆನಿಸ್ ಚಿತ್ರೋತ್ಸವದಲ್ಲಿ ಚಿನ್ನದ ಸಿಂಹ ಪ್ರಶಸ್ತಿ ಗೆದ್ದ ‘ಆಂಗ್ ಬಬಾಯೆಂಗ್ ಹುಮಾಯೋ’ ನಾಲ್ಕು ಗಂಟೆಯನ್ನೂ ಮುಟ್ಟುವುದಿಲ್ಲ, ಅದರ ಎಳೆಯೂ ತೀರ ಸರಳ. ತಾನು ಮಾಡದ ಅಪರಾಧಕ್ಕೆ ಮೂವತ್ತು ವರ್ಷ ಸೆರೆಯಲ್ಲಿದ್ದ ಹೊರಾಸಿಯಾ ಎಂಬ ಹೆಂಗಸು 1997ರಲ್ಲಿ ಬಿಡುಗಡೆಯಾಗಿ ಬಂದು, ತನ್ನನ್ನು ಸಿಕ್ಕಿಸಿದವನ ಮೇಲೆ ಸೇಡು ತೀರಿಸಿಕೊಳ್ಳಲು ಹೊಂಚುತ್ತಾಳೆ. ಹೊಂಚುತ್ತಿರುವಾಗಲೇ ಬೀದಿಯಲ್ಲಿ ಬಲೂತ್ (ಒಳಗೆ ಮರಿ ಬೆಳೆಯುತ್ತಿರುವ ಬಾತುಮೊಟ್ಟೆಯನ್ನು ಬೇಯಿಸಿದ್ದು) ಮಾರುವ ಗೂನುಬೆನ್ನಿನವನಿಗೂ ದಿಕ್ಕಿಲ್ಲದ ಇತರರಿಗೂ ಆಸರೆಯಾಗುತ್ತಾ ಹೋಗುತ್ತಾಳೆ. ಕಪ್ಪುಬಿಳುಪಿನ ಈ ಚಿತ್ರದಲ್ಲಿ ಕ್ಯಾಮೆರಾ ಬಹುತೇಕ ನಿಂತಲ್ಲೇ ನಿಲ್ಲುತ್ತದೆ. ಮನುಷ್ಯರು ದೂರದಿಂದ ನಡೆದು ಬರುತ್ತಾರೆ, ಮಾತನಾಡುತ್ತಾರೆ, ಹೊರಟುಹೋಗುತ್ತಾರೆ, ಅವರು ಹೋದ ಮೇಲೂ ಆ ಬೀದಿಯನ್ನು ನಾವು ನೋಡುತ್ತಲೇ ಇರುತ್ತೇವೆ. ಮೊದಲರ್ಧ ಗಂಟೆ ಇದು ಕಾಟವೆನಿಸಬಹುದು. ಆಮೇಲೆ, ಅವಸರದ ಚಿತ್ರಗಳು ಕತ್ತರಿಸಿ ಎಸೆಯುವ ಹೊತ್ತಿನಲ್ಲಿಯೇ ಜನರ ಬದುಕು ನಡೆಯುತ್ತಿರುತ್ತದೆ ಎಂಬುದು ಹೊಳೆಯತೊಡಗುತ್ತದೆ. ಆದರೆ ಆ ಅರ್ಧ ಗಂಟೆಯನ್ನು ದಾಟಿಸುವ ಹೊಣೆ ಹೊರಲಾರದವರು ಈ ಚಿತ್ರವನ್ನು ಹೇಳಕೂಡದು.

ಆದ್ದರಿಂದ ಹಿಂದಕ್ಕೆ ಹೋಗಿ ಲಿನೋ ಬ್ರೋಕಾ ಅವರಿಂದ ಆರಂಭಿಸುವುದು ಕ್ಷೇಮ. ಅಧ್ಯಕ್ಷ ಮಾರ್ಕೋಸ್ 1972ರಲ್ಲಿ ಹೇರಿದ ಸೇನಾ ಶಾಸನದ ನಡುವೆಯೇ ಅವರು 1975ರಲ್ಲಿ ‘ಮಾಯ್ನಿಲಾ ಸಾ ಮ್ಗಾ ಕುಕೋ ನಂಗ್ ಲಿವಾನಾಗ್’ ತೆಗೆದರು. ಹಳ್ಳಿಯಿಂದ ಬಂದ ಹೂಲಿಯೋ ಎಂಬ ಬೆಸ್ತರ ಹುಡುಗ ತನ್ನ ಲಿಗಾಯಾಳನ್ನು ಮನಿಲಾ ನಗರದಲ್ಲಿ ಹುಡುಕುವ ಕಥೆಯಿದು. ಹೊಟ್ಟೆಪಾಡಿಗೆ ಕಟ್ಟಡದ ಕೆಲಸಕ್ಕೆ ಸೇರುವ ಅವನಂಥವರ ಕೂಲಿಯಲ್ಲಿ ಮೇಲಿನವರು ಮುರಿದುಕೊಳ್ಳುವ ಬಗೆಯನ್ನು ಬ್ರೋಕಾ ಯಾವ ಭಾಷಣವೂ ಇಲ್ಲದೆ ತೋರಿಸುತ್ತಾರೆ. ಮರುವರ್ಷದ ‘ಇನ್ಸಿಯಾಂಗ್’ ಮನಿಲಾದ ತೊಂಡೋ ಕೊಳೆಗೇರಿಯಲ್ಲಿ ನಡೆಯುತ್ತದೆ, ಕಸಾಯಿಖಾನೆಯ ಹಂದಿಗಳಿಂದ ಶುರುವಾಗುತ್ತದೆ. ಎದೆ ಗಟ್ಟಿಯಿಲ್ಲದವರಿಗೆ ಆ ಮೊದಲ ನಿಮಿಷಗಳ ಬಗ್ಗೆ ಮುಂಚೆಯೇ ಎಚ್ಚರಿಸುವುದು ಸೌಜನ್ಯ. ಇವೆರಡನ್ನೂ ಪ್ರೇಕ್ಷಕ ಬೇಸರದಿಂದ ಬಿಟ್ಟೇಳುವ ಸಂಭವ ಕಡಿಮೆ, ಏಕೆಂದರೆ ಬ್ರೋಕಾ ಅವರಿಗೆ ಮೆಲೋಡ್ರಾಮಾ ಎಂದರೆ ನಾಚಿಕೆಯಿರಲಿಲ್ಲ; ಕಣ್ಣೀರು, ದ್ವೇಷ, ವಂಚನೆ ಎಲ್ಲವನ್ನೂ ಜನಪ್ರಿಯ ಚಿತ್ರದ ಬಿಸಿಯಲ್ಲಿಯೇ ಬಡಿಸುತ್ತಾರೆ.

ನಗಲು ಬಯಸುವವರಿಗೆ ಕಿಡ್ಲಾಟ್ ತಾಹಿಮಿಕ್ ಇದ್ದಾರೆ. 1977ರ ‘ಮಬಬಾಂಗೋಂಗ್ ಬಾಂಗುಂಗೋಟ್’ ಚಿತ್ರದಲ್ಲಿ ಅವರೇ ಜೀಪ್ನಿ ಚಾಲಕ. ಹಳ್ಳಿಯಲ್ಲಿದ್ದುಕೊಂಡೇ ರಾಕೆಟ್ ವಿಜ್ಞಾನಿ ವೆರ್ನರ್ ಫಾನ್ ಬ್ರೌನ್ ಅವರ ಅಭಿಮಾನಿ ಸಂಘ ನಡೆಸುವ ಕನಸುಗಾರ. ಅಮೆರಿಕದ ಸೈನ್ಯ ಬಿಟ್ಟುಹೋದ ಜೀಪುಗಳಿಂದ ಹುಟ್ಟಿದ ವಾಹನವನ್ನು ಓಡಿಸುತ್ತ ಚಂದ್ರಯಾನದ ಕನಸು ಕಾಣುವವನು ಕೊನೆಗೆ ಪ್ಯಾರಿಸ್‌ಗೆ ಹೋಗಿ, ಅಲ್ಲಿ ನೋಡಿಕೊಳ್ಳಬೇಕಾಗುವುದು ಚೂಯಿಂಗ್ ಗಮ್ ಯಂತ್ರಗಳನ್ನು. ವಸಾಹತುಶಾಹಿಯ ಬಗ್ಗೆ ಬರೆದ ದಪ್ಪ ಪುಸ್ತಕಗಳು ಹೇಳುವುದನ್ನು ಆ ಮನುಷ್ಯ ನಗುನಗುತ್ತ ಹೇಳಿ ಮುಗಿಸುತ್ತಾರೆ. (ಅವಸರ ಅವರಿಗೂ ಆಗದು: 1979ರಲ್ಲಿ ಕೈಗೆತ್ತಿಕೊಂಡ ಇನ್ನೊಂದು ಚಿತ್ರವನ್ನು ಅವರು 2015ರಲ್ಲಿ ಬರ್ಲಿನ್‌ನಲ್ಲಿ ತೋರಿಸಿದರು.)

2005ರಲ್ಲಿ ಮನಿಲಾದಲ್ಲಿ ಸ್ವತಂತ್ರ ಚಿತ್ರಗಳ ಸಿನೆಮಲಯಾ ಉತ್ಸವ ಆರಂಭವಾದದ್ದೂ ಅಗ್ಗದ ಡಿಜಿಟಲ್ ಕ್ಯಾಮೆರಾಗಳು ಕೈಗೆ ಬಂದದ್ದೂ ಹೆಚ್ಚು ಕಡಿಮೆ ಒಂದೇ ಕಾಲ. ಆಮೇಲಿನ ಫಸಲು ಹುಲುಸು. ಮೊದಲ ವರ್ಷದ್ದೇ ಆದ, ಮಾಕ್ಸಿಮೋ ಎಂಬ ಹನ್ನೆರಡರ ಹುಡುಗನನ್ನು ಕುರಿತ ಅವ್ರೇಯಸ್ ಸೊಲಿತೋ ಅವರ ಚಿತ್ರವನ್ನು ಯಾರಿಗಾದರೂ ಹೇಳಬಹುದು. ಕಳ್ಳತನದಿಂದ ಹೊಟ್ಟೆ ಹೊರೆಯುವ ತಂದೆ, ಅಣ್ಣಂದಿರು. ಹೆಣ್ಣಿನಂತೆ ಸಿಂಗರಿಸಿಕೊಂಡು ಅವರಿಗೆಲ್ಲ ಅಡುಗೆ ಮಾಡಿ ಬಡಿಸುವ ಹುಡುಗ. ಅವನ ಮನಸ್ಸು ಸೋಲುವುದು ಒಬ್ಬ ಪೊಲೀಸನಿಗೆ. ಅವನು ಹಾಗಿರುವುದಕ್ಕೆ ಮನೆಯವರಾರೂ ಒಂದು ಕೆಟ್ಟ ಮಾತನ್ನಾಡುವುದಿಲ್ಲ ಎಂಬುದು ಚಿತ್ರದ ದೊಡ್ಡತನ.

ಬ್ರಿಯಾಂತೆ ಮೆಂಡೋಜಾ ಅವರ ವಿಷಯದಲ್ಲಿ ಮಾತ್ರ ನಾನು ಜಿಪುಣ. 2009ರ ಕಾನ್ ಚಿತ್ರೋತ್ಸವದಲ್ಲಿ ಅವರಿಗೆ ಶ್ರೇಷ್ಠ ನಿರ್ದೇಶಕ ಪ್ರಶಸ್ತಿ ತಂದ ‘ಕಿನಾತಾಯ್’ ಚಿತ್ರದ ಶಕ್ತಿಯನ್ನು ಒಪ್ಪುತ್ತೇನೆ, ಆದರೆ ಒಂದು ರಾತ್ರಿಯ ಕ್ರೌರ್ಯವನ್ನು ಅಷ್ಟು ಹತ್ತಿರದಿಂದ ತೋರಿಸುವ ಅದನ್ನು ಯಾರಿಗೂ ಹೇಳುವುದಿಲ್ಲ. ಅದೇ ವರ್ಷ ಅವರು ತೆಗೆದ ‘ಲೋಲಾ’ ಇದೆಯಲ್ಲ! ಅಲ್ಲಿ ಇಬ್ಬರು ಅಜ್ಜಿಯರು: ಒಬ್ಬಳ ಮೊಮ್ಮಗ ಕೊಲೆಯಾಗಿದ್ದಾನೆ, ಇನ್ನೊಬ್ಬಳ ಮೊಮ್ಮಗ ಕೊಲೆಯ ಆರೋಪಿ. ಒಬ್ಬಳು ಶವಸಂಸ್ಕಾರಕ್ಕೆ, ಮತ್ತೊಬ್ಬಳು ಮೊಮ್ಮಗನನ್ನು ಬಿಡಿಸಲಿಕ್ಕೆ, ಮಳೆಯಲ್ಲಿ ನೆನೆಯುತ್ತ ಹಣ ಹೊಂದಿಸುತ್ತಾರೆ. ನೀರು ನಿಂತ ಬಡಾವಣೆಯಲ್ಲಿ ಶವಪೆಟ್ಟಿಗೆಯೂ ದೋಣಿಯಲ್ಲಿಯೇ ಹೋಗಬೇಕು. ಕೊನೆಗೆ ರಾಜಿಗೆಂದು ಎದುರುಬದುರು ಕೂತಾಗ ಇಬ್ಬರಿಗೂ ಮುಪ್ಪಿನ ನೋವುಗಳ ಮಾತೇ ಹಿತವೆನಿಸುತ್ತದೆ. ಕ್ಷಮೆ ಎಂಬುದಕ್ಕೂ ಹಣದ ಲೆಕ್ಕಕ್ಕೂ ನಡುವಿನ ಗೆರೆ ಎಲ್ಲಿದೆಯೆಂದು ನಿರ್ಧರಿಸುವ ಕೆಲಸವನ್ನು ಮೆಂಡೋಜಾ ನಮಗೇ ಬಿಡುತ್ತಾರೆ.

ಇಷ್ಟು ನೋಡಿದವರು ಸಾಮಾನ್ಯವಾಗಿ ಒಂದು ಆಕ್ಷೇಪ ತರುತ್ತಾರೆ: ಅಲ್ಲಿ ಬಡತನ ಬಿಟ್ಟು ಬೇರೇನೂ ಇಲ್ಲವೇ? ಆ ಆಕ್ಷೇಪವನ್ನು ನಾನು ಕಾಯುತ್ತಲೇ ಇರುತ್ತೇನೆ, ಏಕೆಂದರೆ ಅದಕ್ಕೆ ಉತ್ತರವನ್ನು ಫಿಲಿಪಿನೋಗಳೇ ಕೊಟ್ಟಿದ್ದಾರೆ. ಮಾರ್ಲನ್ ರಿವೆರಾ ಅವರ ‘ಆಂಗ್ ಬಬಾಯೆ ಸಾ ಸೆಪ್ಟಿಕ್ ಟ್ಯಾಂಕ್’ (2011) ಚಿತ್ರದಲ್ಲಿ ಮೂವರು ಎಳೆಯ ಚಿತ್ರಕರ್ಮಿಗಳು ಕೊಳೆಗೇರಿಯ ತಾಯಿಯೊಬ್ಬಳ ಕಥೆಯಿಂದ ವಿದೇಶದ ಉತ್ಸವಗಳನ್ನು ಗೆಲ್ಲಲು ಹೊರಡುತ್ತಾರೆ. ಅದೇ ಕಥೆಯನ್ನು ಒಮ್ಮೆ ವಾಸ್ತವವಾದಿಯಾಗಿ, ಒಮ್ಮೆ ಹಾಡುಗಳ ಚಿತ್ರವಾಗಿ ಊಹಿಸಿಕೊಳ್ಳುತ್ತಾರೆ. ಯೂಜೀನ್ ಡೊಮಿಂಗೊ ಎಂಬ ತಾರೆ ಯೂಜೀನ್ ಡೊಮಿಂಗೊ ಆಗಿಯೇ ಬಂದು ಅವರ ಆದರ್ಶಗಳನ್ನು ನಯವಾಗಿ ಮಣ್ಣುಗೂಡಿಸುತ್ತಾರೆ. ಇದನ್ನು ಮೊದಲೇ ನೋಡಿದವರಿಗೆ ಸಾಧಾರಣ ಹಾಸ್ಯ, ಬ್ರೋಕಾ ಮತ್ತು ಮೆಂಡೋಜಾ ಅವರನ್ನು ದಾಟಿ ಬಂದವರಿಗೆ ಹೊಟ್ಟೆ ಹುಣ್ಣಾಗಿಸುವ ಹಾಸ್ಯ. ಒಂದೇ ಚಿತ್ರ, ಸರದಿ ಮಾತ್ರ ಬೇರೆ. ಹೇಳುವವನ ಕೈಯಲ್ಲಿರುವುದು ಈ ಸರದಿಯಷ್ಟೇ.

ಕೊಳೆಗೇರಿಯಿಂದ ಇನ್ನೂ ದೂರ ಹೋಗಬೇಕೆನ್ನುವವರಿಗೆ ಬೇಬಿ ರೂತ್ ವಿಯಾರಮಾ ಅವರ ‘ಸಂಡೇ ಬ್ಯೂಟಿ ಕ್ವೀನ್’ ಇದೆ. ಹಾಂಗ್‌ಕಾಂಗ್‌ನ ಮನೆಗಳಲ್ಲಿ ವಾರವಿಡೀ ದುಡಿಯುವ ಫಿಲಿಪಿನೋ ಹೆಂಗಸರು ಭಾನುವಾರ ಸೌಂದರ್ಯ ಸ್ಪರ್ಧೆ ನಡೆಸಿಕೊಳ್ಳುವುದನ್ನು ಕುರಿತ ಈ ಸಾಕ್ಷ್ಯಚಿತ್ರ 2016ರಲ್ಲಿ ಮನಿಲಾದ ಕ್ರಿಸ್ಮಸ್ ಹೊತ್ತಿನ ಚಿತ್ರೋತ್ಸವದಲ್ಲಿ ಶ್ರೇಷ್ಠ ಚಿತ್ರವಾಯಿತು. ಇಷ್ಟೆಲ್ಲ ಕೇಳಿಯೂ ‘ಒಂದೇ ಒಂದು ಹೇಳಿ’ ಎಂದು ಪಟ್ಟು ಹಿಡಿದವರಿಗೆ ‘ಲೋಲಾ’ ಎನ್ನುತ್ತೇನೆ. ಎಂಟು ಗಂಟೆಯದ್ದನ್ನು ಅವರಾಗಿಯೇ ಕೇಳಲಿ, ಕೊಡೋಣ.