ಹನ್ನೊಂದು ವರ್ಷ ಬಿಡದೆ ಹಾಡಿದವರು

ಸಹಾಯಾರ್ಥ ಕ್ರಿಸ್‌ಮಸ್ ಹಾಡು ಅಂದರೆ ಹೆಚ್ಚಿನವರಿಗೆ ನೆನಪಾಗೋದು 1984ರ ಬ್ಯಾಂಡ್ ಏಡ್. ಇಥಿಯೋಪಿಯಾದ ಬರಗಾಲಕ್ಕಾಗಿ ಬಾಬ್ ಗೆಲ್ಡಾಫ್, ಮಿಡ್ಜ್ ಯೂರ್ ಇಬ್ಬರೂ ಸೇರಿ ಆ ಕಾಲದ ದೊಡ್ಡ ಗಾಯಕರನ್ನು ಲಂಡನ್ನಿನ ಒಂದೇ ಸ್ಟುಡಿಯೋಗೆ ಕರೆತಂದು ಹಾಡಿಸಿದ್ದು. ಅದು ತಂದ ಹಣವನ್ನು ನಾನು ಹಗುರ ಮಾಡಲ್ಲ. ಆದರೆ ಆ ಹಾಡು ನನಗೆ ಒಗ್ಗಿಲ್ಲ. ಕ್ರಿಸ್‌ಮಸ್ ಬಂದಿರೋದು ಅಲ್ಲಿಯ ಜನಕ್ಕೆ ಗೊತ್ತಾದರೂ ಇದೆಯಾ ಅಂತ ಕೇಳುತ್ತದೆ ಅದು. ಇಥಿಯೋಪಿಯಾಕ್ಕೆ ಕ್ರೈಸ್ತ ಧರ್ಮ ಬಂದದ್ದು ನಾಲ್ಕನೇ ಶತಮಾನದಲ್ಲಿ. ಅವರ ಕ್ರಿಸ್‌ಮಸ್ ಗೆನ್ನಾ, ಜನವರಿ 7ಕ್ಕೆ. ಯಾರಿಗೆ ಕೊಡುತ್ತಿದ್ದೇವೋ ಅವರ ಬಗ್ಗೆ ಇಷ್ಟಾದರೂ ತಿಳಿದಿರಬೇಡವೇ?

ನನಗೆ ಹಿಡಿಸಿದ್ದು ದಿ ಕಿಲ್ಲರ್ಸ್ ಹಿಡಿದ ದಾರಿ. ಲಾಸ್ ವೇಗಾಸ್‌ನ ಈ ರಾಕ್ ಬ್ಯಾಂಡ್ 2006ರಿಂದ 2016ರವರೆಗೆ ಒಂದು ವರ್ಷವೂ ತಪ್ಪದೆ ಕ್ರಿಸ್‌ಮಸ್ ಹಾಡು ಬಿಡುಗಡೆ ಮಾಡಿತು. ಹಣ ಹೋಗಿದ್ದು ಐರಿಷ್ ಗಾಯಕ ಬೋನೊ ಮತ್ತು ಅಮೆರಿಕದ ಬಾಬಿ ಶ್ರೈವರ್ ಶುರು ಮಾಡಿದ, ಕಂಪನಿಗಳ ಸರಕಿನ ಮಾರಾಟದಿಂದ ಹಣ ಎತ್ತುವ 'ರೆಡ್' ಅಭಿಯಾನಕ್ಕೆ, ಅದರ ಮೂಲಕ ಆಫ್ರಿಕಾದ ಏಡ್ಸ್ ವಿರುದ್ಧದ ಕೆಲಸಕ್ಕೆ. ಆದರೆ ಹಾಡುಗಳಲ್ಲಿ ಎಲ್ಲೂ ರೋಗಿಗಳನ್ನು ತೋರಿಸಿ ಕರುಣೆ ಕೇಳೋದಿಲ್ಲ. ಒಂದು ವರ್ಷ ಸಾಂಟಾ ಬಂದೂಕು ಹಿಡಿದು ಬರುತ್ತಾನೆ. ಇನ್ನೊಂದು ವರ್ಷ ಟೆಕ್ಸಸ್ ದನಗಾಹಿಗಳ ಕುಣಿತದ ಮೇಲಿನ 19ನೇ ಶತಮಾನದ ಪದ್ಯಕ್ಕೆ ರಾಗ ಹಾಕಿದ್ದಾರೆ. 2016ರಲ್ಲಂತೂ ಗಾಯಕ ಬ್ರ್ಯಾಂಡನ್ ಫ್ಲವರ್ಸ್ ತನ್ನ ನಾಲ್ಕನೇ ಕ್ಲಾಸಿನ ಮೇಷ್ಟ್ರನ್ನೇ ಕರೆತಂದು ಹಾಡಿಸಿದ. ಅಂಥ ಪ್ರೀತಿ ಬರೀ ದೇಣಿಗೆಯ ಕೆಲಸ ಅಂದುಕೊಂಡವರಿಗೆ ಬರಲ್ಲ.

ಪ್ರತಿ ವರ್ಷ ಅನ್ನೋದು ಯಾಕೆ ದೊಡ್ಡದು ಅಂದರೆ, ಎಚ್‌ಐವಿ ಚಿಕಿತ್ಸೆಯ ಸ್ವರೂಪವೇ ಹಾಗಿದೆ. ವೈರಸ್ಸನ್ನು ಅದುಮಿಡುವ ಎಆರ್‌ಟಿ ಮಾತ್ರೆ ದಿನಾ ನುಂಗಬೇಕು, ಬದುಕಿರುವಷ್ಟು ಕಾಲ. ನಿಲ್ಲಿಸಿದರೆ ವೈರಸ್ ಮತ್ತೆ ಹೆಚ್ಚುತ್ತದೆ, ಔಷಧಕ್ಕೆ ಬಗ್ಗದ ಹಾಗೂ ಆಗಬಹುದು. ನಮ್ಮ ಜಿಲ್ಲಾಸ್ಪತ್ರೆಗಳ ಎಆರ್‌ಟಿ ಕೇಂದ್ರಗಳಲ್ಲೂ ಮೊದಲು ಹೇಳೋ ಮಾತು ಇದೇ: ಒಂದು ದಿನವೂ ತಪ್ಪಿಸಬೇಡಿ. ಹಾಗಿರುವಾಗ ಒಂದು ಸಲದ ಉತ್ಸಾಹದಲ್ಲಿ ಕೋಟಿ ಎತ್ತಿ ಮರೆತುಬಿಟ್ಟರೆ ರೋಗಿಯ ಗತಿ ಏನು? ಇಲ್ಲಿ ನಮ್ಮ ದೇಶದ ಪಾಲೂ ಇದೆ. ವರ್ಷಕ್ಕೆ ಹತ್ತು ಸಾವಿರ ಡಾಲರ್ ದಾಟುತ್ತಿದ್ದ ಔಷಧವನ್ನು 2001ರಲ್ಲಿ ನಮ್ಮ ಔಷಧ ಕಂಪನಿ ಸಿಪ್ಲಾ 350 ಡಾಲರ್‌ಗೆ ಕೊಡ್ತೀವಿ ಅಂದಿತು. ಬಡ ದೇಶಗಳಲ್ಲಿ ಚಿಕಿತ್ಸೆ ಸಾಧ್ಯ ಅನ್ನೋ ನಂಬಿಕೆ ಗಟ್ಟಿಯಾಗಿದ್ದು ಆಮೇಲೆ.

'ರೆಡ್' ಬಗ್ಗೆ ತಕರಾರುಗಳಿವೆ: ಕಂಪನಿಗಳು ಕೆಂಪು ಬಣ್ಣದ ಸರಕು ಮಾರಿ ಪುಣ್ಯ ಕಟ್ಟಿಕೊಳ್ಳುತ್ತವೆ, ಶಾಪಿಂಗೇ ದಾನ ಆಗಿಬಿಟ್ಟಿದೆ ಅಂತ. ಆ ಮಾತಿನಲ್ಲಿ ಸತ್ಯ ಇದೆ. ಆದರೆ ಇಲ್ಲಿ ಮಾರಿದ್ದು ಹಾಡನ್ನು. ಅದು ಚೆನ್ನಾಗಿದ್ದರೆ ದಾನದ ನೆವ ಇಲ್ಲದೆಯೂ ನಿಲ್ಲುತ್ತದೆ.

ಈ ಬ್ಯಾಂಡನ್ನು ಕೇಳದವರು 2008ರ ಹಾಡಿನಿಂದ ಶುರು ಮಾಡಿ. ಎಲ್ಟನ್ ಜಾನ್, ಪೆಟ್ ಶಾಪ್ ಬಾಯ್ಸ್‌ನ ನೀಲ್ ಟೆನೆಂಟ್ ಇಬ್ಬರೂ ಅದರಲ್ಲಿ ದನಿಗೂಡಿಸಿದ್ದಾರೆ. ಗೋದಲಿಯಲ್ಲಿ ಎಲ್ಲರ ಕಣ್ಣು ಮಗುವಿನ ಮೇಲೆ, ತಾಯಿಯ ಮೇಲೆ. ಈ ಹಾಡು ಆ ತಾಯಿಯ ಗಂಡ ಜೋಸೆಫನ ಕಡೆ ತಿರುಗಿ, ನಿನಗೆ ಏನನ್ನಿಸಿತು ಮಾರಾಯ ಅಂತ ವಿಚಾರಿಸುತ್ತದೆ.